ಸಮಸ್ಯೆ: ‘ಭಂಗವೇ ಸಿಂಗಾರವಾಯಿತಲ್ಲಾ’

ಗೆಳೆಯರೇ, ಈ ಸಲದ ಸಾಲು ಇದು. ಇದನ್ನೇ ಕೊನೆಯ ಸಾಲಾಗಿಟ್ಟು ಪದ್ಯ ಪೂರೈಸಿ. ಪಂಚಮಾತ್ರೆಯ ಚೌಪದಿ, ಅಂದರೆ ಐದೈದು ಮಾತ್ರೆಯ (ಉಚ್ಚಾರದ ಅಳತೆ) ಗುಂಪುಗಳ, ಅಂದರೆ ಗಣಗಳ, ನಾಲ್ಕು ಸಾಲಿನ ಪದ್ಯ. 1 ಮತ್ತು 3ನೇ ಸಾಲಿಗೆ 4 ಗಣ. 2 ಮತ್ತು 4ಕ್ಕೆ 3 ಗಣ, ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ). ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಆಗಿರುವುದು) ಬಿಡುವಂತಿಲ್ಲ.

ಭಂಗ ಅಂದರೆ ಮೂಲದಲ್ಲಿ ಮುರಿಯುವುದು. ವ್ರತಭಂಗ, ತಪೋಭಂಗ, ನಿದ್ರಾಭಂಗ ಎಲ್ಲ ಅದೇ ಅರ್ಥದವು. ಮಾನ ಮುರಿದರೆ ಅವಮಾನ. ಬರೀ ‘ಭಂಗಪಟ್ಟ’ ಅಂದರೂ ಮರ್ಯಾದೆ ಹೋಯಿತು ಅಂತಲೇ ಅರ್ಥ. ಚುನಾವಣೆಯಲ್ಲಿ ಸೋತವರಿಗೆ ಪತ್ರಿಕೆಗಳು ‘ಮುಖಭಂಗ’ ಅಂತ ಬರೆಯುತ್ತವೆ. ಅಲ್ಲಿ ‘ಮಾನಭಂಗ’ ಹಾಕಬೇಡಿ. ಈಗ ಆ ಮಾತು ಹೆಚ್ಚಾಗಿ ಹೆಣ್ಣಿನ ಮೇಲಿನ ದೌರ್ಜನ್ಯಕ್ಕೇ ಬಳಕೆಯಾಗುತ್ತದೆ.

ಮರ್ಯಾದೆ ಹೋದದ್ದು ಒಡವೆಯಾಗುವುದು ಹೇಗೆ? ಬಿಡಿಸಿ.

*

ಸಾರ್, ನನ್ನದು:

ತಿಂಗಳನ ಕಂಡೊಡನೆ ಕಡಲೆದೆಯು ಹಿಗ್ಗುತಿರೆ
ಕಂಗೊಳಿಸಿ ಮೇಲೆದ್ದು ಕುಣಿವ ನೀರೇ
ರಂಗವೇರಿತು ತೆರೆಯ ಸಾಲಾಗಿ, ಶರಧಿಗೀ
ಭಂಗವೇ ಸಿಂಗಾರವಾಯಿತಲ್ಲಾ!

ಅಮರಕೋಶದಲ್ಲಿ ಭಂಗ, ತರಂಗ, ಊರ್ಮಿ ಒಟ್ಟಿಗೇ ಬರುತ್ತವೆ. ಎಲ್ಲವೂ ಅಲೆಯೇ.

*

ನಾನು ಮುರಿಯುವ ಅರ್ಥವನ್ನೇ ಹಿಡಿದೆ:

ಹಿಂಗಿದರು ದೊರೆಗಳೆಲ್ಲರು ಬಿಲ್ಲನೆತ್ತದೆಯೆ
ರಂಗದಲಿ ರಾಘವನು ಮುರಿಯಲದನೇ
ಮಂಗಳದ ಮಾಲೆಯನು ಸೀತೆಯಿಡೆ, ಬಿಲ್ಲಿನೀ
ಭಂಗವೇ ಸಿಂಗಾರವಾಯಿತಲ್ಲಾ!

*

ಎರಡೂ ಚೆನ್ನಾಗಿವೆ. ‘ಶರಧಿಗೀ’ ಅಂತ ಮೂರನೇ ಸಾಲು ನಿಂತು ನಾಲ್ಕಕ್ಕೆ ಜಾರುವುದು ತುಂಬ ಹಿಡಿಸಿತು. ಆದರೆ ಇಬ್ಬರೂ ಶ್ಲೇಷದ (ಒಂದೇ ಪದದ ಬೇರೆ ಅರ್ಥ ಹಿಡಿಯುವ) ದಾರಿ ಹಿಡಿದಿರಿ, ಅವಮಾನವನ್ನು ಪಕ್ಕಕ್ಕಿಟ್ಟಿರಿ. ಅದನ್ನು ಉಳಿಸಿಕೊಂಡೇ ಗೆಲ್ಲುವುದು ಜಾಸ್ತಿ ಕಷ್ಟ, ಅಲ್ವಾ? ಯಾರಾದರೂ ನೋಡಿ.

*

ನೋಡಿ ಸಾರ್, ಮಲತಾಯಿ ಸುರುಚಿ ಧ್ರುವನಿಗೆ ತಂದೆಯ ತೊಡೆ ತಪ್ಪಿಸಿದ ಕಥೆ:

ತಂಗಲೆಡೆಯಿಲ್ಲೆಂದು ತೊಡೆಯಿಂದ ನೂಕಿದೊಡೆ
ಕಂಗೆಡದೆ ಕಾಡಿನಲಿ ತಪವಗೈದಾ
ತಿಂಗಳಿಗು ಮೇಲಾದ ಪದವಿಯಾ ಧ್ರುವಗಿತ್ತ
ಭಂಗವೇ ಸಿಂಗಾರವಾಯಿತಲ್ಲಾ!

*

ಭೇಷ್! ಇದೇ ನನಗೆ ಬೇಕಿದ್ದದ್ದು. ಇಲ್ಲಿ ಭಂಗ ಅಂದರೆ ಭಂಗವೇ. ಮಗುವಿಗಾದ ಅವಮಾನ ಎಲ್ಲೂ ಕರಗಿಲ್ಲ, ‘ನೂಕಿದೊಡೆ’ ಅನ್ನುವಲ್ಲಿ ಚುಚ್ಚುತ್ತದೆ. ‘ಪದವಿಯಾ ಧ್ರುವಗೆ’ ಅನ್ನುವುದನ್ನು ‘ಪದವಿ, ಆ ಧ್ರುವಗೆ’ ಅಂತ ಬಿಡಿಸಿ ಓದಿ. ‘ತಪಗೈದ ಆ ಧ್ರುವ’ ಅಂತ ಎರಡನೇ ಸಾಲಿಗೂ ಕೊಂಡಿ ಬೀಳುತ್ತದೆ. ಪ್ರಾಸಕ್ಕಾಗಿ ಸುಮ್ನೆ ತುರುಕಿದ ಪದ ಒಂದೂ ಇಲ್ಲ.

ಮೂರು ಬಾಗಿನಲ್ಲಿ ನಿಂತು ಕೊಳಲೂದುವ ತ್ರಿಭಂಗಿ ಕೃಷ್ಣನನ್ನು ಯಾರೂ ಮುಟ್ಟಿಲ್ಲ. ಒಂದೇ ಹಲ್ಲು ಮುರಿದ ಗಣಪನೂ ಕಾಯುತ್ತಿದ್ದಾನೆ. ರಂಗ, ತುಂಗ, ಅಂಗ, ಪ್ರಾಸಕ್ಕೆ ಬರವಿಲ್ಲ. ಬರೆಯಿರಿ.