ಅಪ್ಪ-ಅಮ್ಮನ ಜೊತೆ ಐರ್ಲೆಂಡಿನ ಮೇಯೋ ಕೌಂಟಿ: ಎಲ್ಲಿ ಉಳಿಯೋದು, ಏನು ನೋಡೋದು?

ಡಬ್ಲಿನ್‌ನಿಂದ ಕೇಳಿದ್ದು:
ಹಾಸನದಿಂದ ಅಪ್ಪ-ಅಮ್ಮ ಬಂದಿದ್ದಾರೆ. ಆಗಸ್ಟ್‌ನಲ್ಲಿ ನಾಲ್ಕು ದಿನ ಮೇಯೋ ಕಡೆ ಕರೆದುಕೊಂಡು ಹೋಗೋಣ ಅಂತಿದ್ದೀನಿ. ಅಪ್ಪ ಜೀವನವಿಡೀ ಹೊಲದಲ್ಲಿ ದುಡಿದವರು. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಸಸ್ಯಾಹಾರಿಗಳು. ದಿನಕ್ಕೊಂದು ಊರು ಅಂತ ರೂಮ್ ಬುಕ್ ಮಾಡಲೋ, ಒಂದೇ ಕಡೆ ಇರಲೋ? ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಕ್ಯಾಸಲ್‌ಬಾರ್‌ನಿಂದ:
ಒಂದೇ ಕಡೆ ಇರಿ, ಅದು ವೆಸ್ಟ್‌ಪೋರ್ಟ್ ಆಗಿರಲಿ. ದಿನಾ ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲೇ ವಯಸ್ಸಾದವರು ಸುಸ್ತಾಗಿಬಿಡ್ತಾರೆ. ನಾನಿರುವ ಕ್ಯಾಸಲ್‌ಬಾರ್ ಕೌಂಟಿಯ ಮುಖ್ಯ ಪಟ್ಟಣ, ದೊಡ್ಡ ಅಂಗಡಿಗಳೆಲ್ಲ ಇಲ್ಲೇ ಇವೆ. ಆದರೂ ಊರಿಂದ ನೆಂಟರು ಬಂದಾಗ ವೆಸ್ಟ್‌ಪೋರ್ಟ್‌ನಲ್ಲೇ ಮನೆ ಬಾಡಿಗೆಗೆ ಹಿಡಿಯುತ್ತೇವೆ. 18ನೇ ಶತಮಾನದಲ್ಲಿ ನಕ್ಷೆ ಹಾಕಿ ಕಟ್ಟಿದ ಊರು ಅದು. ನಡುವೆ ಕ್ಯಾರೋಬೆಗ್ ಅನ್ನೋ ಪುಟ್ಟ ಹೊಳೆ, ಎರಡೂ ದಡದಲ್ಲಿ ಸಾಲು ಮರ, ಕಲ್ಲಿನ ಸೇತುವೆಗಳು. ಅಮ್ಮನವರು ಒಂದಿಷ್ಟು ನಡೆದು, ಒಂದಿಷ್ಟು ಕೂತು ಸಂಜೆ ಕಳೆಯಬಹುದು. ಆಗಸ್ಟ್‌ನಲ್ಲಿ ರಾತ್ರಿ ಒಂಬತ್ತರ ಹತ್ತಿರದವರೆಗೂ ಬೆಳಕಿರುತ್ತೆ. ಡಬ್ಲಿನ್ ಹ್ಯೂಸ್ಟನ್‌ನಿಂದ ನೇರ ರೈಲಿದೆ, ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಆದರೆ ಹಳ್ಳಿಗಳಿಗೆ ಬಸ್ ಕಡಿಮೆ, ಕಾರು ಬೇಕೇ ಬೇಕು.

ಅಪ್ಪನವರನ್ನು ಕ್ಯಾಸಲ್‌ಬಾರ್ ಪಕ್ಕದ ಟರ್ಲೋ ಹಳ್ಳಿಗೆ ಖಂಡಿತ ಕರೆತನ್ನಿ. ಅಲ್ಲಿ ರಾಷ್ಟ್ರೀಯ ಮ್ಯೂಸಿಯಮ್ಮಿನ ಗ್ರಾಮೀಣ ಬದುಕಿನ ವಿಭಾಗ ಇದೆ. 2001ರಲ್ಲಿ ತೆರೆದದ್ದು, ಪ್ರವೇಶ ಉಚಿತ. ಕುಡುಗೋಲು, ಹೆಣೆದ ಬುಟ್ಟಿ, ಹುಲ್ಲಿನ ಕುರ್ಚಿ, ತೊಗಲಿನ ದೋಣಿ ಎಲ್ಲ ಉಂಟು. ಪೀಟ್ ಅಂದರೆ ಇಲ್ಲಿಯವರು ಒಲೆಗೆ ಹಾಕುವ ಜೌಗು ಮಣ್ಣು. ಅದನ್ನು ಕೊಯ್ಯುವ ಸಲಿಕೆಯ ಅಲಗಿಗೆ ಒಂದು ಪಕ್ಕದಲ್ಲಿ ಕಿವಿಯ ಹಾಗೆ ಇನ್ನೊಂದು ಅಲಗು ಮೂಡಿರುತ್ತೆ. ಒಂದೇ ಸಲ ಒತ್ತಿದರೆ ಎರಡು ಕಡೆ ಕುಯ್ದು ಇಟ್ಟಿಗೆಯಂಥ ಹೆಂಟೆ ಬರುತ್ತೆ. ನಮ್ಮ ಮಾವ ಅದರ ಮುಂದೆ ನಿಂತವರು, ಹಿಡಿ ಯಾವ ಮರದ್ದು, ಎಡಗೈಯವರು ಏನು ಮಾಡ್ತಿದ್ದರು ಅಂತ ಕೇಳಿದ್ದೇ ಕೇಳಿದ್ದು.

ಊಟದ ಬಗ್ಗೆ: ಅಡುಗೆಮನೆ ಇರುವ ಮನೆಯನ್ನೇ ಹಿಡಿಯಿರಿ. ಹಳ್ಳಿ ಪಬ್ಬುಗಳಲ್ಲಿ ಸೂಪು ಸಿಗುತ್ತೆ, ಆದರೆ ತರಕಾರಿ ಸೂಪಿಗೂ ಕೋಳಿ ಬೇಯಿಸಿದ ನೀರು ಹಾಕಿರಬಹುದು, ಕೇಳಿಯೇ ತಗೊಳ್ಳಿ. ಮಜ್ಜಿಗೆ ಹಾಕಿ ಮಾಡುವ ಸೋಡಾ ಬ್ರೆಡ್ ನಮ್ಮವರಿಗೆ ಹಿಡಿಸುತ್ತೆ. ಸಾರಿನ ಪುಡಿ, ಉಪ್ಪಿನಕಾಯಿ ಜೊತೆಗಿರಲಿ.

ಗಾಲ್ವೇಯಿಂದ:
ಮೇಲಿನವರು ಹೇಳಿದ್ದು ಸರಿ. ಒಂದು ದಿನ ಕಾಂಗ್ ಹಳ್ಳಿಗೆ ಇಡಿ, ಕಾರಿಬ್ ಮತ್ತು ಮಾಸ್ಕ್ ಕೆರೆಗಳ ನಡುವಿನ ಊರು. ಹಾಳುಬಿದ್ದ ಮಠದ ಹಿಂದೆ ಹೊಳೆಯ ಮೇಲೆ ಸನ್ಯಾಸಿಗಳ ಮೀನು ಹಿಡಿಯುವ ಕಲ್ಲಿನ ಕೋಣೆ ಇದೆ, ನೆಲದಲ್ಲಿ ಕಿಂಡಿ. ಮೀನು ಬಿದ್ದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುವ ಹಾಗೆ ದಾರ ಕಟ್ಟಿದ್ದರಂತೆ. ಅಲ್ಲೇ ಹತ್ತಿರ ಒಂದು ಒಣ ಕಾಲುವೆ ನೋಡಿ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಹಾಳಾಗಿ ಬಂದ ಮಹಾ ಕ್ಷಾಮದ ಕಾಲದಲ್ಲಿ ಜನರಿಗೆ ಕೂಲಿ ಕೊಟ್ಟು, ಎರಡು ಕೆರೆಗಳ ನಡುವೆ ದೋಣಿ ಓಡಿಸಲು ತೋಡಿಸಿದ್ದು. ಕೆಳಗಡೆ ಸುಣ್ಣಕಲ್ಲು, ನೀರೆಲ್ಲ ಸಂದಿಗಳಲ್ಲಿ ಇಳಿದುಹೋಯಿತು, 1850ರ ದಶಕದಲ್ಲಿ ಕೆಲಸ ಕೈಬಿಟ್ಟರು. ಮಠದ ಅಂಗಳದ ದಾರಿ ಸಮತಟ್ಟಾಗಿದೆ, ಅಮ್ಮನಿಗೆ ಕಷ್ಟವಾಗಲ್ಲ.

ಲಿಮರಿಕ್‌ನಿಂದ:
ಅಪ್ಪ ರೈತರು ಅಂದಿರಲ್ಲ, ಹಾಗಾದರೆ ಉತ್ತರದ ಬ್ಯಾಲಿಕ್ಯಾಸಲ್ ಹಳ್ಳಿಯ ಆಚೆ ಕೇಯ್ಡ ಫೀಲ್ಡ್ಸ್ ತಪ್ಪಿಸಬೇಡಿ. ಮೊದಲ ನೋಟಕ್ಕೆ ಬರೀ ಜೌಗು ನೆಲ, ಎದುರಿಗೆ ಸಮುದ್ರ. ಆದರೆ ಆ ಪೀಟಿನ ಅಡಿಯಲ್ಲಿ ಐದು ಸಾವಿರ ವರ್ಷಕ್ಕೂ ಹಿಂದಿನ ಹೊಲಗಳಿವೆ, ಬದುವಿಗೆ ಹಾಕಿದ ಕಲ್ಲಿನ ಗೋಡೆಗಳ ಸಮೇತ. 1930ರ ದಶಕದಲ್ಲಿ ಊರಿನ ಶಾಲಾ ಮೇಷ್ಟ್ರು ಪ್ಯಾಟ್ರಿಕ್ ಕಾಲ್‌ಫೀಲ್ಡ್ ಪೀಟ್ ಕೊಯ್ಯುವಾಗ ಆಳದಲ್ಲಿ ಕಲ್ಲಿನ ರಾಶಿಗಳು ಸಿಗುವುದನ್ನು ಗಮನಿಸಿದರು. ಮಗ ಶೇಮಸ್ ಮುಂದೆ ಪುರಾತತ್ವ ಓದಿ, ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚುತ್ತಾ ಹೋದರು: ಕಲ್ಲಿಗೆ ತಾಗಿದ ಕಡೆ ಗೋಡೆ, ತಾಗದೆ ಇಳಿದ ಕಡೆ ಬಯಲು. ಅಗೆಯದೆಯೇ ಇಡೀ ಹೊಲದ ನಕ್ಷೆ ಬಂತು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ ಅಂತೀನಿ.

ಗಾಳಿ ಜೋರು, ಟೋಪಿ ನಿಲ್ಲಲ್ಲ. ಅಮ್ಮನಿಗೆ ಕಿವಿ ಮುಚ್ಚುವ ಶಾಲು ಇರಲಿ. ಗ್ರಾಮೀಣ ಕಿರುದಾರಿಗಳಲ್ಲಿ ಕುರಿಗಳು ರಸ್ತೆಯಲ್ಲೇ ಮಲಗಿರುತ್ತವೆ, ಹಾರ್ನ್ ಮಾಡಬೇಡಿ, ಕಾಯಿರಿ.

ಕ್ಯಾಸಲ್‌ಬಾರ್‌ನಿಂದ, ಮತ್ತೆ:
ಅಕಿಲ್ ದ್ವೀಪ ಹೇಳಲು ಬಿಟ್ಟಿದ್ದೆ. ಸೇತುವೆ ಇದೆ, ಕಾರಲ್ಲೇ ಹೋಗಬಹುದು. ಕೀಲ್‌ನ ಉದ್ದನೆಯ ಮರಳು, ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಜನ ಬಿಟ್ಟುಹೋದ ಹಳ್ಳಿ, ಕೊನೆಯಲ್ಲಿ ಕೀಮ್ ಕೊಲ್ಲಿ. ಕೀಮ್‌ಗೆ ಇಳಿಯುವ ದಾರಿ ಕಿರಿದು, ಒಂದು ಪಕ್ಕ ನೇರ ಕಡಲಿಗೆ ಇಳಿಜಾರು. ಬೆಳಿಗ್ಗೆ ಬೇಗ ಹೋದರೆ ಎದುರು ವಾಹನ ಕಡಿಮೆ.

ಡಬ್ಲಿನ್‌ನಿಂದ, ಕೇಳಿದವರು:
ತುಂಬಾ ಉಪಕಾರ ಆಯಿತು. ವೆಸ್ಟ್‌ಪೋರ್ಟ್‌ನಲ್ಲೇ ಮನೆ ನೋಡ್ತೀನಿ. ಅಮ್ಮ ಕ್ರೋಗ್ ಪ್ಯಾಟ್ರಿಕ್ ಬೆಟ್ಟದ ಬಗ್ಗೆ ಎಲ್ಲೋ ಕೇಳಿ, ಹತ್ತಲೇಬೇಕು ಅಂತಿದ್ದಾರೆ. ಆಗುತ್ತಾ?

ಕ್ಯಾಸಲ್‌ಬಾರ್‌ನಿಂದ:
ಮಂಡಿ ನೋವಿದ್ದರೆ ಬೇಡವೇ ಬೇಡ. 764 ಮೀಟರ್ ಎತ್ತರ, ಮೇಲಿನ ಭಾಗದಲ್ಲಿ ಸಡಿಲ ಕಲ್ಲುಗಳು, ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಹರಕೆ ಹೊತ್ತು ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ಬುಡದ ಮರಿಸ್ಕ್ ಹಳ್ಳಿಯಿಂದಲೇ ಅಮ್ಮ ಕೈಮುಗಿಯಲಿ. ಎದುರಿಗೇ ಕ್ಷಾಮದ ಸ್ಮಾರಕ ಇದೆ, ಎಲುಬುಗೂಡುಗಳು ಸುತ್ತಿದ ಕಂಚಿನ ಹಡಗು.

ಅಲ್ಲಿಂದ ಹಾಗೇ ಲೂಯಿಸ್‌ಬರ್ಗ್ ದಾಟಿ ಡೂಲೋ ಕಣಿವೆಗೆ ಹೋಗಿ. 1849ರ ಮಾರ್ಚ್‌ನಲ್ಲಿ ಹಸಿದ ಜನ ಪರಿಹಾರಕ್ಕಾಗಿ ಈ ದಾರಿಯಲ್ಲಿ ಅಧಿಕಾರಿಗಳ ಹತ್ತಿರ ನಡೆದು ಹೋದರು, ಬರಿಗೈಯಲ್ಲಿ ವಾಪಸ್ ಕಳಿಸಿದರು, ಎಷ್ಟೋ ಜನ ದಾರಿಯಲ್ಲೇ ಸತ್ತರು. ರಸ್ತೆ ಬದಿ ಒಂದು ಕಲ್ಲಿನ ಶಿಲುಬೆ ಇದೆ. ಅದರ ಮೇಲೆ ಕೆತ್ತಿರುವುದು ಗಾಂಧೀಜಿಯ ಮಾತು: ಜೊತೆಯ ಮನುಷ್ಯರನ್ನು ಅವಮಾನಿಸಿ ಮನುಷ್ಯ ತನಗೆ ಗೌರವ ಬಂತೆಂದು ಹೇಗೆ ಭಾವಿಸುತ್ತಾನೆ ಅನ್ನೋ ಅರ್ಥದ್ದು. ಕಾರು ನಿಲ್ಲಿಸಲು ಪಕ್ಕದಲ್ಲೇ ಜಾಗ ಇದೆ, ಅಮ್ಮ ನಡೆಯಬೇಕಾಗಿಲ್ಲ. ಅಪ್ಪನವರಿಗೆ ಓದಿ ಹೇಳಿ.