ಅಷ್ಟೊಂದು ಫಾರ್ವರ್ಡ್‌ಗಳು ಮುಂದೆ ಏನು ಮಾಡ್ತಿದ್ದರು?

ಪ್ರಶ್ನೆ: ಕೋಚ್ ಸರ್, 1872ರಲ್ಲಿ ಗ್ಲಾಸ್ಗೋದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಕ್ಕೆ ಇಂಗ್ಲೆಂಡ್ ಎಂಟು, ಸ್ಕಾಟ್ಲೆಂಡ್ ಆರು ಫಾರ್ವರ್ಡ್‌ಗಳನ್ನು ಇಳಿಸಿತ್ತಂತೆ. ಆದರೂ 0-0! ಯಾಕೆ ಹೀಗೆ?

ಉತ್ತರ: ಅವರು ಮುಂದೆ ಹೋಗಿ ಕಾಯುತ್ತಿರಲಿಲ್ಲ. 1863ರ ನಿಯಮದಲ್ಲಿ ಚೆಂಡಿಗಿಂತ ಮುಂದೆ ಇದ್ದವನು ಆಫ್‌ಸೈಡ್, ಅಂದರೆ ಅವನು ಚೆಂಡನ್ನು ಆಡುವಂತಿಲ್ಲ. 1866ರಲ್ಲಿ ಅದು ಸಡಿಲವಾಯಿತು, ಗೋಲ್ ಕಡೆ ಎದುರಾಳಿಯ ಮೂವರಿದ್ದರೆ ಸಾಕು ಅಂತ. ಆದರೆ ಹಳೇ ಚಾಳಿ ಬಿಡಬೇಕಲ್ಲ! ಒಬ್ಬ ಡ್ರಿಬಲ್ ಮಾಡುತ್ತಾ, ಅಂದರೆ ಚೆಂಡನ್ನು ಕಾಲಲ್ಲೇ ತಳ್ಳಿಕೊಂಡು ನುಗ್ಗುವುದು, ಅವನ ಕಾಲಿಂದ ಚೆಂಡು ಜಾರಿದರೆ ಹಿಂದೆ ಓಡಿ ಬರುವವರು ಅದನ್ನು ತಮ್ಮ ಕಾಲಿಗೆ ತೆಗೆದುಕೊಳ್ಳುವುದು, ಇಂಗ್ಲೆಂಡಿನ ಆಟ ಇಷ್ಟೇ.

ಸ್ಕಾಟ್ಲೆಂಡ್ ಆಟಗಾರರು ಮೈಕಟ್ಟಿನಲ್ಲಿ ಹಗುರ. ಆದರೆ ಹನ್ನೊಂದೂ ಜನ ಕ್ವೀನ್ಸ್ ಪಾರ್ಕ್ ಕ್ಲಬ್‌ನವರೇ, ಒಬ್ಬರ ಆಟ ಇನ್ನೊಬ್ಬರಿಗೆ ಗೊತ್ತು. ಪಾಸ್ ಕೊಟ್ಟು ಆಡುವ ರೀತಿ ಬೆಳೆದದ್ದು ಇಂಥವರಿಂದ. ಮುಂದೆ ಸ್ಕಾಟಿಷ್ ಆಟಗಾರರು ದುಡ್ಡಿಗಾಗಿ ಇಂಗ್ಲಿಷ್ ಕ್ಲಬ್‌ಗಳಿಗೆ ಬಂದರು. ಅಂಥವರು ಹಲವರಿದ್ದ ಪ್ರೆಸ್ಟನ್ ಕ್ಲಬ್ 1888-89ರ ಇಂಗ್ಲಿಷ್ ಲೀಗ್‌ನಲ್ಲಿ 22 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಅಷ್ಟು ಹೊತ್ತಿಗೆ 2-3-5 ಬೇರೂರಿತ್ತು: ಹಿಂದೆ ಇಬ್ಬರು ಫುಲ್‌ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ಐವರು ಫಾರ್ವರ್ಡ್.

ಪ್ರಶ್ನೆ: ಹಾಗಾದರೆ 2-3-5 ಹೋಗಿದ್ದು ಯಾಕೆ ಸರ್?

ಉತ್ತರ: ಮತ್ತೆ ಆಫ್‌ಸೈಡೇ! ಮೂವರ ನಿಯಮ ಇದ್ದಾಗ ಒಬ್ಬ ಫುಲ್‌ಬ್ಯಾಕ್ ಮುಂದೆ ಬಂದರೆ ಸಾಕು, ಎದುರಿನವನು ಆಫ್‌ಸೈಡ್ ಬಲೆಗೆ ಬೀಳುತ್ತಿದ್ದ. ತಪ್ಪಿದರೂ ಹಿಂದೆ ಇನ್ನೊಬ್ಬ ಫುಲ್‌ಬ್ಯಾಕ್ ಇದ್ದನಲ್ವಾ. ನ್ಯೂಕಾಸಲ್‌ನ ಬಿಲ್ ಮೆಕ್ರಾಕನ್ ಇದರಲ್ಲಿ ಪಳಗಿದ ಕೈ. ನೋಡುವವರಿಗೆ ಮಾತ್ರ ಬರೀ ಸೀಟಿ. 1925ರಲ್ಲಿ ಮೂವರ ಬದಲು ಇಬ್ಬರು ಎಂದಾಯಿತು. ಇಂಗ್ಲಿಷ್ ಲೀಗ್‌ನ ಮೊದಲ ಡಿವಿಷನ್‌ನ ಗೋಲುಗಳು ಒಂದೇ ವರ್ಷದಲ್ಲಿ 1,192ರಿಂದ 1,703ಕ್ಕೆ ಏರಿದವು.

ಆ ಅಕ್ಟೋಬರ್‌ನಲ್ಲಿ ಆರ್ಸೆನಲ್ ನ್ಯೂಕಾಸಲ್ ಎದುರು 7-0 ಸೋತಿತು. ಮೂವರು ಹಾಫ್‌ಗಳ ನಡುವಿನವನಾದ ಸೆಂಟರ್ ಹಾಫ್‌ನನ್ನು ಹಿಂದಕ್ಕೆ ಕರೆಸಿ ಅಂತ ಆರ್ಸೆನಲ್ ಆಟಗಾರ ಚಾರ್ಲಿ ಬ್ಯೂಕನ್ ಪಟ್ಟು ಹಿಡಿದ, ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಒಪ್ಪಿದರು. ಮುಂದಿನ ಪಂದ್ಯದಲ್ಲಿ ವೆಸ್ಟ್ ಹ್ಯಾಮ್ ಎದುರು 4-0 ಗೆಲುವು! ನಿಧಾನವಾಗಿ ಸೆಂಟರ್ ಫಾರ್ವರ್ಡ್‌ನ ಅಕ್ಕಪಕ್ಕದ ಇಬ್ಬರು ಇನ್‌ಸೈಡ್ ಫಾರ್ವರ್ಡ್‌ಗಳೂ ಕೆಳಗಿಳಿದರು. ಅದೇ ಡಬ್ಲ್ಯುಎಂ, ಆಟಗಾರರು ನಿಲ್ಲುವ ರೀತಿ W ಮತ್ತು M ಅಕ್ಷರಗಳ ಹಾಗೆ ಕಾಣುವುದರಿಂದ ಆ ಹೆಸರು.

ನನ್ನ ಕೇಳಿದರೆ ಇದರಲ್ಲಿ ನಷ್ಟವೂ ಆಯಿತು. ಇಡೀ ಆಟ ಕಟ್ಟುತ್ತಿದ್ದ ಸೆಂಟರ್ ಹಾಫ್, ಸುಮ್ನೆ ಎದುರಿನ ಸೆಂಟರ್ ಫಾರ್ವರ್ಡ್‌ನ ಕಾವಲುಗಾರನಾದ. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಎದುರು ಹಂಗೇರಿ ಹೊಡೆದದ್ದು ಇಲ್ಲಿಗೇ. ಅವರ ಸೆಂಟರ್ ಫಾರ್ವರ್ಡ್ ಹಿಡೆಗ್‌ಕುಟಿ ಹಿಂದೆ ಸರಿದು ಆಡಿದ. ಇಂಗ್ಲೆಂಡಿನ ಸೆಂಟರ್ ಹಾಫ್ ಅವನ ಬೆನ್ನು ಹತ್ತಿ ಹೋದರೆ ಹಿಂದೆ ಜಾಗ ಖಾಲಿ, ಹೋಗದಿದ್ದರೆ ಅವನಿಗೆ ತಡೆಯೇ ಇಲ್ಲ. ಹಂಗೇರಿ 6-3ರಲ್ಲಿ ಗೆದ್ದಿತು, ಮೂರು ಗೋಲು ಅವನದೇ.