ಆ ಪ್ಲಗ್ ಬಿಚ್ಚಿದ್ದು ಯಾರು?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 34 ಜನ ಇದ್ದೇವೆ. ಮೂಡಿಗೆರೆಯ ತೋಟದ ಮನೆಯವರು, ಹಾಸನಕ್ಕೆ ಕೊಟ್ಟ ಹೆಣ್ಣುಮಕ್ಕಳು, ಬೆಂಗಳೂರು ಸೇರಿದವರು, ಎಲ್ಲರೂ. ಮೊನ್ನೆ ಬೆಳಿಗ್ಗೆ ಆರೂವರೆಗೆ ಹಾಸನದ ಚಿಕ್ಕಮ್ಮ ಒಂದು ವಿಡಿಯೋ ಹಾಕಿದರು. ರೆಕ್ಕೆಯ ಎರಡು ತುದಿಗೂ ದೊಡ್ಡ ಫ್ಯಾನ್ ಇರುವ ವಿಮಾನ. ನಿಂತ ಜಾಗದಿಂದಲೇ ಮೇಲೆದ್ದು, ಫ್ಯಾನ್ ಮುಂದಕ್ಕೆ ಬಾಗಿಸಿಕೊಂಡು ಸೀದಾ ಹಾರಿಹೋಯಿತು. ಕೆಳಗೆ ಹೀಗೆ ಬರೆದಿತ್ತು: "ನಮ್ಮ ಸೈನ್ಯಕ್ಕೆ ಬಂದಿದೆ ಸಾವಿನ ವಿಮಾನ. ಒಂದು ಎಂಜಿನ್ ಕೆಟ್ಟರೆ ಕಲ್ಲು ಬಿದ್ದ ಹಾಗೆ ಬೀಳುತ್ತೆ. ಗಂಡುಮಕ್ಕಳ ತಾಯಂದಿರಿಗೆಲ್ಲ ಕಳಿಸಿ."

ಚಿಕ್ಕಮ್ಮ ಯಾಕೆ ಕಳಿಸಿದರು ಅಂತ ಎಲ್ಲರಿಗೂ ಗೊತ್ತು. ಅವರ ಮೊಮ್ಮಗ ಪಿಯುಸಿ ಓದುತ್ತಾ ಎನ್‌ಡಿಎ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ವಾಯುಪಡೆ ಸೇರಬೇಕು ಅನ್ನೋದು ಅವನ ಆಸೆ. ಅಜ್ಜಿಗೆ ರಾತ್ರಿ ನಿದ್ದೆ ಇಲ್ಲ.

ಬೆಂಗಳೂರಿನ ಅಣ್ಣ: "ಇದರ ಮೂಲ ಎಲ್ಲಿ? ಯಾವ ಪತ್ರಿಕೆ? ಯಾವ ತಾರೀಕು?"

ಚಿಕ್ಕಮ್ಮ: "ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ನನಗೆ ಮೊಮ್ಮಗ ಬೇಕು."

ದೊಡ್ಡಪ್ಪ: "ಎರಡು ದೋಣಿ ಮೇಲೆ ಕಾಲಿಟ್ಟವರು ದಡ ಸೇರಲ್ಲ. ಹೆಲಿಕಾಪ್ಟರ್ ಆಗಲಿ, ಇಲ್ಲ ವಿಮಾನ ಆಗಲಿ. ಎರಡೂ ಆಗ್ತೀನಿ ಅಂದರೆ ಹೀಗೇ. ಈಗಿನ ಹುಡುಗರೂ ಹೀಗೇ."

ಇದರ ನಡುವೆ ಆ ಹುಡುಗ ಒಂದು ಪ್ರಶ್ನೆ ಕೇಳಿದ್ದ: "ಎಂಜಿನ್ ಮೇಲಕ್ಕೆ ತಿರುಗಿದಾಗ ಅದರ ಬಿಸಿಗಾಳಿ ನೆಲಕ್ಕೇ ಹೊಡೆಯುತ್ತಲ್ವಾ? ಅದಕ್ಕೇನು ಮಾಡ್ತಾರೆ?" ಅದನ್ನು ಒಬ್ಬರೂ ನೋಡಲಿಲ್ಲ. ನಾನೂ ಆಗ ನೋಡಲಿಲ್ಲ.

ನನ್ನ ಕೆಲಸ ಟಿಲ್ಲರ್, ಪಂಪ್‌ಸೆಟ್ ರಿಪೇರಿ. ಯಂತ್ರದ ಬಗ್ಗೆ ಯಾರಾದರೂ ತಪ್ಪು ಹೇಳಿದರೆ ಸುಮ್ನೆ ಇರೋಕೆ ಆಗಲ್ಲ. ಬರೆದೆ.

ಅದು ವಿ-22 ಆಸ್ಪ್ರೇ. ಬೆಲ್, ಬೋಯಿಂಗ್ ಎರಡು ಕಂಪನಿ ಸೇರಿ ಮಾಡಿದ್ದು. ನಮ್ಮ ಸೈನ್ಯದಲ್ಲಿ ಅದು ಇಲ್ಲವೇ ಇಲ್ಲ. ಇರೋದು ಅಮೆರಿಕ, ಜಪಾನ್ ಹತ್ತಿರ ಮಾತ್ರ. 1980ರ ಏಪ್ರಿಲ್‌ನಲ್ಲಿ ಇರಾನ್‌ನಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಹೋದ ಅಮೆರಿಕದ ಹೆಲಿಕಾಪ್ಟರ್‌ಗಳು ಮರುಭೂಮಿಯಲ್ಲೇ ಸೋತವು. ದೂರಕ್ಕೂ ಹಾರಬೇಕು, ರನ್‌ವೇ ಇಲ್ಲದೆಯೂ ಇಳಿಯಬೇಕು, ಅಂಥದ್ದೊಂದು ಬೇಕು ಅನ್ನೋ ಹಟ ಆಮೇಲೆ ಗಟ್ಟಿಯಾಯಿತು. ಮೊದಲು ಹಾರಿದ್ದು 1989ರಲ್ಲಿ, ಸೇವೆಗೆ ಬಂದಿದ್ದು 2007ರಲ್ಲಿ. 24 ಸೈನಿಕರನ್ನು ಕೂರಿಸಿಕೊಂಡು ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತೆ. ಅಷ್ಟು ವೇಗ ಮಾಮೂಲಿ ಹೆಲಿಕಾಪ್ಟರ್‌ಗೆ ಸಾಧ್ಯವಿಲ್ಲ. ಫ್ಯಾನಿನ ಅಗಲ 11 ಮೀಟರ್‌ಗೂ ಜಾಸ್ತಿ. ಅದಕ್ಕೇ ವಿಮಾನದ ಹಾಗೆ ಫ್ಯಾನ್ ಮುಂದಕ್ಕಿಟ್ಟುಕೊಂಡು ಇಳಿಯೋಕೆ ಆಗಲ್ಲ, ಫ್ಯಾನಿನ ಅಲಗುಗಳು ನೆಲಕ್ಕೆ ತಾಗುತ್ತವೆ.

ಇನ್ನು ಎಂಜಿನ್ ವಿಷಯ. ಎರಡು ಎಂಜಿನ್, ಒಂದೊಂದೂ 6,150 ಕುದುರೆ ಶಕ್ತಿ. ರೆಕ್ಕೆಯ ಒಳಗೆ ಈ ತುದಿಯಿಂದ ಆ ತುದಿಗೆ ಒಂದು ಶಾಫ್ಟ್ ಹೋಗುತ್ತೆ. ಒಂದು ಎಂಜಿನ್ ನಿಂತರೆ ಉಳಿದದ್ದು ಎರಡೂ ಫ್ಯಾನ್ ತಿರುಗಿಸುತ್ತೆ. ಕಲ್ಲಿನ ಹಾಗೆ ಬೀಳುತ್ತೆ ಅನ್ನೋದು ಸುಳ್ಳು.

ದೊಡ್ಡಪ್ಪ: "ಅಂದರೆ ಯಾರೂ ಸತ್ತೇ ಇಲ್ಲ ಅಂತಲಾ?"

ಸತ್ತಿದ್ದಾರೆ. ಅದನ್ನು ಮುಚ್ಚಿಡಬಾರದು ಅಂತಲೇ ಬರೆದೆ. 2000ದ ಏಪ್ರಿಲ್‌ನಲ್ಲಿ ಅರಿಜೋನಾದಲ್ಲಿ 19 ಜನ ಹೋದರು. ಮುಂದಕ್ಕೆ ವೇಗ ಇಲ್ಲದೆ ಸರ್ರನೆ ಕೆಳಗಿಳಿದಾಗ ಫ್ಯಾನ್ ತಾನೇ ತಳ್ಳಿದ ಗಾಳಿಯೊಳಗೆ ಸಿಕ್ಕಿಕೊಳ್ಳುತ್ತೆ. ಒಂದು ಬದಿ ಹಿಡಿತ ತಪ್ಪಿತು, ವಿಮಾನ ಮಗುಚಿಕೊಂಡಿತು. 2023ರ ನವೆಂಬರ್‌ನಲ್ಲಿ ಜಪಾನಿನ ಯಾಕುಶಿಮಾ ಹತ್ತಿರ ಸಮುದ್ರಕ್ಕೆ ಬಿದ್ದು 8 ಜನ ಹೋದರು. ಅಲ್ಲಿ ಕೆಟ್ಟಿದ್ದು ಎಂಜಿನ್ ಅಲ್ಲ, ಗೇರ್‌ಬಾಕ್ಸ್. ಒಳಗೊಂದು ಹಲ್ಲುಚಕ್ರ ಬಿರುಕು ಬಿಟ್ಟಿತ್ತು. ಆಯಿಲ್‌ನಲ್ಲಿ ಲೋಹದ ಚೂರು ಸಿಕ್ಕರೆ ಪೈಲಟ್‌ಗೆ ಸೂಚನೆ ಕೊಡುವ ವ್ಯವಸ್ಥೆ ಅದರಲ್ಲಿದೆ. ಆ ಸೂಚನೆ ಮತ್ತೆ ಮತ್ತೆ ಬಂತು. ಬೇಗ ಇಳಿಸದೇ ಇದ್ದದ್ದೂ ಒಂದು ಕಾರಣ ಅಂತ ಅಮೆರಿಕದ ವಾಯುಪಡೆಯ ತನಿಖೆಯೇ ಹೇಳಿತು.

ಕೊನೆಗೆ ಒಂದು ಸಾಲು ಸೇರಿಸಿದೆ: "ಆಯಿಲ್‌ನಲ್ಲಿ ಚೂರು ಕಂಡರೆ ಗಾಡಿ ನಿಲ್ಲಿಸಬೇಕು ಅಂತ ಅಪ್ಪ ಹೇಳ್ತಿದ್ದರಲ್ಲ, ಅದೇ ಇದು."

ಅಲ್ಲಿಗೆ ವಿಮಾನದ ಮಾತು ಮುಗಿಯಿತು. ಎಲ್ಲರಿಗೂ ನಮ್ಮ ಮನೆಯ ಹಳೇ ಜೀಪು ನೆನಪಾಯಿತು.

ದೊಡ್ಡಪ್ಪ: "ಈಗ ಜೀಪಿನ ವಿಷಯ ಯಾಕೆ ತೆಗೆದೆ?"

ಮೂಡಿಗೆರೆ ಭಾವ: "ಅಯ್ಯೋ ಆ ಜೀಪು! ಹಿಂದೆ ಹನ್ನೊಂದು ಜನ ಕೂರ್ತಿದ್ವಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜಿನಲ್ಲಿ ಹಾಡಿಕೊಂಡು ಘಾಟಿ ಇಳೀತಿದ್ವಿ. ಫೋಟೊ ಯಾರ ಹತ್ತಿರ ಇದೆ?"

ಅಣ್ಣ: "ಭಾವ, ಮಾತು ಬದಲಾಯಿಸಬೇಡಿ. 98ರಲ್ಲಿ ಪ್ಲಗ್ ಬಿಚ್ಚಿ ತೋರಿಸಿದ್ದು ಚಿಕ್ಕಪ್ಪ. ನಾನು ಪಕ್ಕದಲ್ಲೇ ಇದ್ದೆ."

ದೊಡ್ಡಪ್ಪ: "ನನಗೆ ಯಾರೂ ತೋರಿಸಲಿಲ್ಲ."

ಅಣ್ಣ ಹೇಳಿದ ಚಿಕ್ಕಪ್ಪ ಅಂದರೆ ನನ್ನ ಅಪ್ಪ. ನಾನೂ ಅಲ್ಲೇ ಇದ್ದೆ, ಟಾರ್ಚ್ ಹಿಡಿದುಕೊಂಡು. ಅಪ್ಪ ಗೇರ್‌ಬಾಕ್ಸಿನ ಅಡಿಯ ಪ್ಲಗ್ ಬಿಚ್ಚಿದರು. ಅದರ ತುದಿಯಲ್ಲಿ ಸಣ್ಣ ಆಯಸ್ಕಾಂತ. ಮಾಮೂಲಾಗಿ ಅದಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿರುತ್ತೆ, ಅದಕ್ಕೆ ಭಯ ಬೇಡ. ಅವತ್ತು ಅಂಟಿದ್ದು ಉಗುರಿನ ಚೂರಿನಂಥ ಎರಡು ತುಂಡು. ಅಪ್ಪ ಬಿಳಿ ಬನಿಯನ್ ಬಟ್ಟೆ ಮೇಲೆ ಅದನ್ನು ಒರೆಸಿ, ಜಗಲಿ ಮೇಲೆ ಕೂತಿದ್ದ ದೊಡ್ಡಪ್ಪನ ಮುಂದೆ ಹಿಡಿದರು. ಮಾರನೇ ದಿನ ಮೆಣಸಿನ ಮೂಟೆ ಉಜಿರೆಗೆ ಹೋಗಲೇಬೇಕಿತ್ತು. ಹೋಯಿತು. ಚಾರ್ಮಾಡಿಯ ಒಂದು ತಿರುವಿನಲ್ಲಿ ಗೇರ್ ಕಚ್ಚಿಕೊಂಡು ಜೀಪು ರಸ್ತೆ ಪಕ್ಕದ ಧರೆಗೆ ಒರಗಿತು. ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮನ ಮಣಿಕಟ್ಟು ಮುರಿಯಿತು. "ಜೀಪು ಸರಿಯಾಗಿ ನೋಡಿಕೊಳ್ಳಲಿಲ್ಲ" ಅನ್ನೋ ಮಾತು ಅಪ್ಪನ ಮೇಲೆ ಬಂತು. ಅದಾದಮೇಲೆ ಅಪ್ಪ ಆ ಜೀಪಿನ ಸ್ಟೇರಿಂಗ್ ಮುಟ್ಟಲಿಲ್ಲ.

ಇಷ್ಟನ್ನೂ ಗುಂಪಿನಲ್ಲಿ ಬರೆದೆ. ಅಪ್ಪ ಇಲ್ಲ, ಅವರ ಪರವಾಗಿ ಹೇಳೋರು ಯಾರು? ದೊಡ್ಡಪ್ಪನ ಮಗಳು "ಎಂಬತ್ತು ದಾಟಿದವರ ಹತ್ತಿರ ಇದೆಲ್ಲ ಬೇಕಾ" ಅಂತ ಬೈದು ಗುಂಪಿನಿಂದ ಹೊರಗೆ ಹೋದಳು. ಭಾವ ಅವಳನ್ನು ಮತ್ತೆ ಸೇರಿಸಿದರು. ಚಿಕ್ಕಮ್ಮ ಧ್ವನಿ ಸಂದೇಶ ಕಳಿಸಿದರು: "ನನ್ನ ಕೈ ಆಗಲೇ ಸರಿಯಾಯ್ತು. ಬಿಡಿ ಎಲ್ಲರೂ. ಆ ವಿಮಾನ ನಮ್ಮಲ್ಲಿ ಇಲ್ಲ ತಾನೇ? ಅಷ್ಟು ಹೇಳಿ."

ಇಲ್ಲ ಚಿಕ್ಕಮ್ಮ, ಇಲ್ಲ.

ಸಂಜೆ ದೊಡ್ಡಪ್ಪ ನನಗೊಬ್ಬನಿಗೇ ಬರೆದರು: "ಬಟ್ಟೆ ಮೇಲೆ ಒರೆಸಿದ್ದು ನೆನಪಿದೆ." ಅಷ್ಟೇ. ನಾನು ಏನೂ ಉತ್ತರ ಕೊಡಲಿಲ್ಲ. ಆ ಒಂದು ಸಾಲನ್ನು ನಾಲ್ಕು ಸಲ ಓದಿದೆ.

ರಾತ್ರಿ ಮೇಲಿನಿಂದ ಎಲ್ಲವನ್ನೂ ಮತ್ತೆ ಓದುವಾಗ ಹುಡುಗನ ಪ್ರಶ್ನೆ ಸಿಕ್ಕಿತು. ಇಷ್ಟು ಜನರಲ್ಲಿ ವಿಡಿಯೋ ಸರಿಯಾಗಿ ನೋಡಿದವನು ಅವನೊಬ್ಬನೇ. ಅವನಿಗೆ ಬರೆದೆ: "ನೀನು ಹೇಳಿದ್ದು ಸರಿ. ಆಸ್ಪ್ರೇಯ ಬಿಸಿಗಾಳಿ ಹಡಗಿನ ಡೆಕ್‌ಗೇ ತೊಂದರೆ ಕೊಡುತ್ತೆ. ಬೆಲ್‌ನವರ ಮುಂದಿನ ವಿಮಾನ ವಿ-280 ಇದೆಯಲ್ಲ, 2022ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡದ್ದು, ಅದರಲ್ಲಿ ಎಂಜಿನ್ ಅಡ್ಡಡ್ಡ ಮಲಗಿದ ಹಾಗೇ ಇರುತ್ತೆ. ಫ್ಯಾನಿನ ಭಾಗ ಮಾತ್ರ ತಿರುಗುತ್ತೆ. ಗಾಳಿ ಹಿಂದಕ್ಕೆ ಹೋಗುತ್ತೆ."

ಎರಡೇ ನಿಮಿಷಕ್ಕೆ ಉತ್ತರ ಬಂತು: "ಹಾಗಾದರೆ ತಿರುಗೋ ಜಾಗದಲ್ಲಿ ಗೇರ್ ಇರಲೇಬೇಕಲ್ವಾ ಮಾಮ?"

"ಇರಲೇಬೇಕು. ಭಾನುವಾರ ಬಾ, ಟಿಲ್ಲರ್ ಗೇರ್ ಆಯಿಲ್ ಬದಲಿಸೋದಿದೆ. ಪ್ಲಗ್ ನೀನೇ ಬಿಚ್ಚು. ಬಿಳಿ ಬಟ್ಟೆ ತಾ."